ಕೆರೆಯ ದಾರಿಗೊಂದು ಪರವಾನಗಿ

ಅನ್ನವ್ವನ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಅಲ್ಲಿ ಬಟ್ಟೆಯ ಸಿಂಬಿ ಕೂತು, ಸಿಂಬಿಯ ಮೇಲೆ ಕೊಡ ಕೂತು ಸವೆದ ಜಾಗ ಅದು. ಗಂಡ ಹೊಳೆಪ್ಪ ಒಮ್ಮೆ ತಮಾಷೆಗೆ, "ಏನ ಬೇ, ನನಗಿಂತ ಮೊದಲ ನೀನ ಬೋಳಾದೆಲ್ಲ" ಎಂದಿದ್ದ. "ನೀವೂ ಒಂದ ವರ್ಷ ನೀರ ಹೊರ್ರಿ, ಸರಿಸಮ ಆಗೂಣು" ಎಂದು ಈಕೆ ಅಂದ ಮೇಲೆ ಆ ಮಾತನ್ನು ಮತ್ತೆ ತೆಗೆಯಲಿಲ್ಲ.

ನವಲಗುಂದ ತಾಲೂಕಿನ ಎರೆಮಣ್ಣಿನ ಊರು. ಬಾವಿ ತೋಡಿದರೆ ಸವುಳು ನೀರು. ಕುಡಿಯಲು ಇಡೀ ಊರಿಗೆ ಒಂದೇ ಕೆರೆ. ಅದಕ್ಕೆ ಹೋಗಲು ಎರಡು ದಾರಿಗಳಿದ್ದವು. ಒಂದು ಚಕ್ಕಡಿ ರಸ್ತೆ, ಊರನ್ನು ಬಳಸಿಕೊಂಡು ಹೋಗುವುದು. ಇನ್ನೊಂದು ಶಂಭುಲಿಂಗಪ್ಪನ ಹೊಲದ ನಡುವಿನ ಕಾಲುದಾರಿ, ಅದರ ಅರ್ಧ ದೂರ. ಗಂಡಸರಿಗೆ ರಸ್ತೆಯೇ ದಾರಿ. ಕಾಲುದಾರಿ ಎಲ್ಲಿ ತಿರುಗುತ್ತದೆ, ಮಳೆಗಾಲದಲ್ಲಿ ಎಲ್ಲಿ ಜಾರುತ್ತದೆ ಎಂಬುದು ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಇದ್ದವರಿಗೆ ಮಾತ್ರ ಗೊತ್ತು. ಆ ಊರಿಗೆ ಮದುವೆಯಾಗಿ ಬಂದ ಹೆಣ್ಣನ್ನು ಎರಡನೆಯ ದಿನ ಅತ್ತೆ ಅದೇ ದಾರಿಯಲ್ಲಿ ಕೆರೆಗೆ ಕರೆದೊಯ್ದು, ಗಂಗವ್ವನಿಗೆ ಅರಿಸಿನ ಕುಂಕುಮ ಏರಿಸಿ, ಮೊದಲ ಕೊಡ ಹೊರಿಸುವುದು ಪದ್ಧತಿ. ಪೂಜೆಯ ದಿನ ಸೀರೆ ಹೊಸದು, ಕೊಡವೂ ಹೊಸದು. ಮೂರನೆಯ ದಿನದಿಂದ ಅದು ಬರೀ ಕೆಲಸ. ಗಂಗವ್ವನ ಪೂಜೆ ಇಲ್ಲದ ಸಾಬರ ಮನೆಗಳಲ್ಲೂ ಹೊಸ ಸೊಸೆಯ ಮೊದಲ ಕೊಡ ಅದೇ ದಾರಿಯಿಂದ ಬರುತ್ತಿತ್ತು.

ಅನ್ನವ್ವ ಬೆಳಗಿನ ಜಾವಕ್ಕೆ ಶಂಭುಲಿಂಗಪ್ಪನ ಮನೆಗೆ ನಾಲ್ಕು ಸಾರೆ ನೀರು ತಂದು ಹಾಕುವಳು. ಆಮೇಲೆ ತನ್ನ ಮನೆಗೆ ಎರಡು ಸಾರೆ. ಆಮೇಲೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಕಳೆ ತೆಗೆಯಲು ಹೊಲಕ್ಕೆ. ಇದರಲ್ಲಿ ಕಳೆ ತೆಗೆಯುವುದನ್ನು ಮಾತ್ರ ಊರವರು ದುಡಿಮೆ ಎನ್ನುತ್ತಿದ್ದರು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಶಂಭುಲಿಂಗಪ್ಪ ಟ್ರ್ಯಾಕ್ಟರ್ ತರಿಸಿ ಹೊಲವನ್ನು ಆಳವಾಗಿ ಹೊಡೆಸಿದ. ದಾರಿಯೂ ಹೋಯಿತು. ಮರುದಿನ ಹೆಂಗಸರು ಕೊಡ ಹಿಡಿದು ಬಂದರೆ ಮೊಣಕಾಲೆತ್ತರದ ಹೆಂಟೆಗಳು. ಬದುವಿನ ಮೇಲೆ ಅವನೇ ನಿಂತಿದ್ದ.

"ದಾರಿ ಎಲ್ಲಿ ಹೋತ್ರಿ, ಸಾವ್ಕಾರ್ರ?" ಎಂದಳು ಅನ್ನವ್ವ.

"ನಕಾಶದಾಗ ದಾರೀನ ಇಲ್ಲ. ತಲಾಠಿ ದಫ್ತರ ತಗದ ತೋರಿಸ್ಯಾನ. ಇಷ್ಟ ದಿನ ಹೋದ್ರಿ, ನಾ ಸುಮ್ಮಿದ್ದೆ."

"ನಕಾಶ ಬರದಾಂವ ನೀರ ಹೊತ್ತಾನೇನ್ರಿ?" ಎಂದಳು ಪಕ್ಕದಲ್ಲಿದ್ದ ಖಾದರಬಿ. ಹೆಂಗಸರು ನಕ್ಕರು. ನಕ್ಕು, ರಸ್ತೆ ಹಿಡಿದರು.

ಪ್ರಾಥಮಿಕ ಶಾಲೆಯ ಈರಬಸಪ್ಪ ಮಾಸ್ತರು ಒಳ್ಳೆಯ ಮನುಷ್ಯ. ಅನ್ನವ್ವ ಅವರ ಕಟ್ಟೆಗೆ ಹೋಗಿ ಕೂತು ಎಲ್ಲ ಹೇಳಿದಳು.

"ಹಿಂಗ ಜಗಳಾಡಿದ್ರ ಆಗಂಗಿಲ್ಲ ಅನ್ನವ್ವ. ಹಕ್ಕು ಅನ್ನೂದು ಕಾಗದದ ಮ್ಯಾಲೆ ಬರಬೇಕು. ಸರಕಾರ ಕೊಟ್ರ ಹಕ್ಕು, ಇಲ್ಲಾಂದ್ರ ಬರೇ ರೂಢಿ" ಎಂದು ಮಾಸ್ತರು ಹೇಳಿ, ತಾವೇ ತಹಶೀಲ್ದಾರರಿಗೆ ಅರ್ಜಿ ಬರೆದರು. ಬಡ ಹೆಣ್ಣುಮಕ್ಕಳಾದ ನಾವು ಶಂಭುಲಿಂಗಪ್ಪನವರ ಜಮೀನಿನಲ್ಲಿ ಹಾಯ್ದು ಹೋಗಲು ತಾವು ದೊಡ್ಡ ಮನಸ್ಸು ಮಾಡಿ ಪರವಾನಗಿ ಕೊಡಿಸಬೇಕು ಎಂದಿತ್ತು ಅದರಲ್ಲಿ. ಅನ್ನವ್ವ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಮೂವತ್ತೆಂಟು ಹೆಬ್ಬೆಟ್ಟುಗಳು ಬಿದ್ದವು. ಅರ್ಜಿ ಮುಗಿಯುವ ಹೊತ್ತಿಗೆ ಖಾದರಬಿ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ದಾರಿ ನಮ್ಮದು ಅಂತ ಎಲ್ಲೆರೆ ಬರದೀರೇನ್ರಿ, ಮಾಸ್ತರ?" ಎಂದು ಕೇಳಿದಳು.

"ಹಂಗ ಬರದ್ರ ಸಾಹೇಬ್ರಿಗೆ ಸಿಟ್ಟ ಬರ್ತೈತಿ, ತಂಗಿ" ಎಂದರು ಮಾಸ್ತರು.

ಶ್ರಾವಣದಲ್ಲಿ ಕಾಗದ ಬಂತು. ಮಾಲೀಕನ ಒಪ್ಪಿಗೆಯ ಮೇರೆಗೆ, ಒಂದು ವರ್ಷದ ಮಟ್ಟಿಗೆ, ಬೆಳಗಿನ ಒಂಬತ್ತರೊಳಗೆ ಹಾಯ್ದು ಹೋಗಬಹುದು ಎಂದಿತ್ತು. ಹೆಂಗಸರು ಬೆಲ್ಲ ಹಂಚಿ ತಿಂದರು. ಅನ್ನವ್ವ ಕಾಗದವನ್ನು ಜೋಳದ ಗಡಿಗೆಯಲ್ಲಿ ಇಟ್ಟಳು.

ವರ್ಷವಿಡೀ ಎಲ್ಲರೂ ಓಡಿ ಓಡಿ ನೀರು ತಂದರು. ಹಿಂದೆ ಮಧ್ಯಾಹ್ನ ಹೋಗುತ್ತಿದ್ದವರು, ಸಂಜೆ ಹೊಲದಿಂದ ಬರುತ್ತ ಕೊಡ ತುಂಬಿಕೊಳ್ಳುತ್ತಿದ್ದವರು, ರಸ್ತೆ ಸುತ್ತಿ ಬಂದರು. ಬಾಣಂತಿಯ ಮನೆಗೆ ಒಂದು ಕೊಡ ಹೆಚ್ಚು ಬೇಕಾದರೆ ಮರುದಿನದವರೆಗೆ ಕಾಯಬೇಕಾಯಿತು. ದಾರಿ ಸಿಕ್ಕಿದ ಸಂತೋಷದಲ್ಲಿ ಅದು ಕಿರಿದಾದದ್ದನ್ನು ಯಾರೂ ಗಮನಿಸಲಿಲ್ಲ. ಗಮನಿಸಿದವರೂ, ಇಷ್ಟಾದರೂ ಕೊಟ್ಟರಲ್ಲ ಎಂದರು.

ಮರುವರ್ಷ ಶ್ರಾವಣದಲ್ಲಿ ಶಂಭುಲಿಂಗಪ್ಪ ದಾರಿಗೆ ಅಡ್ಡ ಜಾಲಿಮುಳ್ಳು ಬಡಿದ. "ವರ್ಷ ಮುಗೀತು. ಹೊಲ ನನ್ನದು, ದಾರಿ ನನ್ನದು ಅಂತ ನೀವ ಹೆಬ್ಬಟ್ಟ ಒತ್ತಿ ಬರಕೊಟ್ಟೀರಿ" ಎಂದ.

ಅದು ನಿಜವಾಗಿತ್ತು. ಅನ್ನವ್ವ ಆ ದಿನ ರಸ್ತೆಯ ರಾಡಿಯಲ್ಲಿ, ಪ್ರತಿ ಹೆಜ್ಜೆಗೂ ಕಾಲಿಗಂಟುವ ಮಣ್ಣನ್ನು ಕೆರೆಯುತ್ತ, ಅದನ್ನೇ ಯೋಚಿಸಿದಳು. ಅತ್ತೆ ಈ ದಾರಿ ತೋರಿಸಿದಾಗ ಯಾರನ್ನು ಕೇಳಿದ್ದಳು? ಅತ್ತೆಯ ಅತ್ತೆ ಯಾರನ್ನು ಕೇಳಿದ್ದಳು? ಕೇಳದಿದ್ದಾಗ ದಿನವಿಡೀ ಇದ್ದದ್ದು, ಕೇಳಿದ ಮೇಲೆ ಒಂಬತ್ತು ಗಂಟೆಯವರೆಗೆ ಮಾತ್ರ ಆಯಿತು. ತನ್ನದನ್ನೇ ಬೇಡಲು ಹೋಗಿ ಅದನ್ನು ಇನ್ನೊಬ್ಬರದಾಗಿ ಮಾಡಿಕೊಟ್ಟಿದ್ದಳು. ಮೊದಲ ಹೆಬ್ಬೆಟ್ಟು ಅವಳದೇ.

ಮಾಸ್ತರು ತಾವಾಗಿಯೇ ಮನೆಗೆ ಬಂದರು. "ಇನ್ನೊಂದು ಅರ್ಜಿ ಕೊಡೂಣು. ಈ ಸಾರೆ ಮೂರ ವರ್ಷದ್ದು ಕೇಳೂಣು."

"ಬ್ಯಾಡ್ರಿ."

"ಸರಕಾರದ ಮುಂದ ಸೊಕ್ಕ ಮಾಡಬಾರದವ್ವ."

"ಸೊಕ್ಕ ಅಲ್ರಿ, ಮಾಸ್ತರ. ನೀರಡಿಕಿಗೆ ಯಾರರೆ ಪರವಾನಗಿ ಕೊಟ್ಟಾರೇನು? ಅದು ತಾನ ಹತ್ತತೈತಿ. ನೀರಿಗೆ ಹೋಗೂದು ಅದರ ಬೆನ್ನಿಂದ ಬಂದದ್ದು. ಸರಕಾರ ಈ ಹಕ್ಕ ಕಾಯಬೇಕಂದ್ರ ಕಾಯ್ಲಿ, ಭಾಳ ಚಲೋ ಆತು. ಕೊಡೂದು ಅದರ ಕಡೆ ಎಲ್ಲೈತಿ?"

"ಕಾಯಾಕರೆ ಕಾಗದ ಬೇಕಲ್ಲವ್ವ" ಎಂದರು ಮಾಸ್ತರು. ಅನ್ನವ್ವ ಸಿಂಬಿ ಸುತ್ತಿ ಕೊಡ ಎತ್ತಿಕೊಂಡಳು.

ರಸ್ತೆ ಸುತ್ತಿ ತಂದರೆ ನಾಲ್ಕು ಸಾರೆಯ ಹೊತ್ತಿನಲ್ಲಿ ಎರಡೇ ಸಾರೆ. ಶಂಭುಲಿಂಗಪ್ಪನ ಮನೆಯ ಹಂಡೆ ಅರ್ಧಕ್ಕೆ ನಿಂತಿತು. ಮೂರನೆಯ ದಿನ ಅವನು ಪಡಸಾಲೆಯಿಂದಲೇ ಕೂಗಿದ.

"ಅನ್ನವ್ವ, ನೀ ಹೊಲದಾಗ ಹಾಯ್ದ ಬಾ. ನೀ ನಮ್ಮ ಮನಿಯಾಕಿ. ನಿನಗ ಯಾರ ಬ್ಯಾಡ ಅಂತಾರ?"

ಕಾಲುಗಳು ನೋಯುತ್ತಿದ್ದವು. ಒಂದು ಕ್ಷಣ ಆಸೆಯಾಯಿತು. ನಾಲ್ಕು ಸಾರೆ ಬೇಗ ಮುಗಿದರೆ ತನ್ನ ಮನೆಯ ರೊಟ್ಟಿ ಹೊತ್ತಿಗೆ ಸರಿಯಾಗಿ ಆಗುತ್ತದೆ.

"ಉಳಿದಾರು, ಸಾವ್ಕಾರ್ರ?"

"ಉಳಿದಾರ ಮಾತ ಬ್ಯಾರೆ."

"ಹಂಗಾರ ನಾನೂ ಉಳಿದಾರೊಳಗ ಒಬ್ಬಾಕಿರಿ. ಇವತ್ತ ನೀವು ಬಿಟ್ರಿ ಅಂತ ಹೋದ್ರ, ನಾಳೆ ನೀವು ಬ್ಯಾಡ ಅಂದ್ರ ನಿಲ್ಲಬೇಕಾಗ್ತೈತಿ."

"ಹಂಗಾರ ನಮ್ಮನಿ ನೀರೂ ಬಿಡು" ಎಂದ ಅವನು. ಅದು ನೀರಿನ ಕೂಲಿಯಾಗಿ ಸುಗ್ಗಿಯಲ್ಲಿ ಬರುವ ಜೋಳ ಬಿಟ್ಟಂತೆ. ಅನ್ನವ್ವ ಸಿಂಬಿ ತೆಗೆದು ಜಾಡಿಸಿಕೊಂಡು ಹೊರಬಿದ್ದಳು. ರಾತ್ರಿ ಹೊಳೆಪ್ಪ ಬೈದ. ಮರುದಿನ ಮೊದಲ ಸಾರೆಗೆ ಒಂದು ಕೊಡ ತೆಗೆದುಕೊಂಡು ತಾನೇ ಹೊರಟ. ರಸ್ತೆಯ ಅರ್ಧದಲ್ಲಿ ಕೂತುಬಿಟ್ಟ. "ಇಷ್ಟ ದೂರ ಐತೇನ ಬೇ?" ಎಂದ.

ಶಂಭುಲಿಂಗಪ್ಪನ ಮನೆಗೆ ನೀರು ತರಲು ಬೇರೆ ಯಾರೂ ಒಪ್ಪಲಿಲ್ಲ. ನೀಲಕ್ಕ ಅವನ ಹೆಂಡತಿ, ಆ ಮನೆಯ ಒಡತಿ. ಹದಿನೈದು ವರ್ಷದಿಂದ ಕೊಡ ಮುಟ್ಟಿರಲಿಲ್ಲ. ನೀರಿನ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು, ಅದಕ್ಕಾಗಿ ಯಾರೂ ಅವಳಿಗೆ ಜೋಳ ಕೊಡುತ್ತಿರಲಿಲ್ಲ. ಎರಡು ದಿನ ನೆರೆಮನೆಯಿಂದ ನೀರು ಬೇಡಿ ತಂದಳು. ಮೂರನೆಯ ಬೆಳಿಗ್ಗೆ ಕೊಡ ಎತ್ತಿಕೊಂಡು ನೇರ ಮುಳ್ಳಿನ ಬೇಲಿಗೆ ಬಂದಳು. ರಸ್ತೆಯ ಕಡೆ ಹೊರಟಿದ್ದ ಹೆಂಗಸರು ನಿಂತು ನೋಡಿದರು.

"ಅಕ್ಕಾರ, ನಿಮಗ ಪರವಾನಗಿ ಆಗೈತೇನ್ರಿ?" ಎಂದು ಖಾದರಬಿ ಕೆಣಕಿದಳು.

"ನಾ ಯಾರನ್ನೂ ಕೇಳಿಲ್ಲ. ಹೊಲದ ಉತಾರದ ಕಾಗದದಾಗ ನನ್ನ ಹೆಸರೂ ಇಲ್ಲ. ನಮ್ಮತ್ತಿ ನನ್ನ ಇಲ್ಲೇ ಹಾಯ್ದ ಕರಕೊಂಡ ಹೋಗಿದ್ದು, ಅಷ್ಟ ಗೊತ್ತು" ಎಂದು ನೀಲಕ್ಕ ಮುಳ್ಳಿಗೆ ಕೈಹಾಕಿದಳು. ಅಂಗೈಗೆ ಚುಚ್ಚಿತು.

ಅನ್ನವ್ವ ಕೊಡ ಕೆಳಗಿಟ್ಟು ಮುಳ್ಳಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದು ಬದುವಿಗೆ ಹಾಕಿದರು. ಕಾಲುದಾರಿಯ ಮೇಲೆ ಎಲ್ಲರೂ ಒಬ್ಬರ ಹಿಂದೊಬ್ಬರು ನಡೆದರು. ತಿರುಗಿ ಬರುವಾಗ ಶಂಭುಲಿಂಗಪ್ಪ ಬದುವಿನ ಮೇಲಿದ್ದ. ಹೆಂಡತಿಯ ತಲೆಯ ಮೇಲಿನ ಕೊಡ ನೋಡಿದ, ಹಿಂದಿನ ಸಾಲು ನೋಡಿದ. ಊರ ಮುಂದೆ ಯಾರನ್ನು ತಡೆಯಬೇಕೆಂದು ತಿಳಿಯದೆ ದನಿ ಎತ್ತರಿಸಿದ.

"ಆತು, ಇವತ್ತಿನ ದಿನ ಹೋಗ್ರಿ!"

ಅನ್ನವ್ವ ಕೊಡದ ಭಾರದಲ್ಲಿ ಕತ್ತು ತಿರುಗಿಸಲಾರದೆ, ಮುಂದೆ ನೋಡುತ್ತಲೇ ಅಂದಳು: "ನಾಳೆನೂ ಬರ್ತೀವ್ರಿ. ಸಂಜಿಮುಂದೂ ಬರ್ತೀವಿ."

ಮರುದಿನವೂ ಅವನು ಬಂದು ನಿಂತು, ಮೊದಲ ಹೆಂಗಸು ಕಾಣುತ್ತಿದ್ದಂತೆ "ಹೋಗ್ರಿ, ಹೋಗ್ರಿ" ಎಂದ. ಹೀಗೆ ಎಂಟು ಹತ್ತು ದಿನ ನಡೆಯಿತು. ಯಾರೂ ಹೂಂ ಅನ್ನಲಿಲ್ಲ, ಯಾರೂ ನಿಲ್ಲಲೂ ಇಲ್ಲ. ಹತ್ತಿ ಬಿತ್ತುವ ದಿನ ಅವನ ಆಳು ಕೂರಿಗೆಯನ್ನು ದಾರಿಯ ಹತ್ತಿರ ತಂದು, ಎತ್ತು ನಿಲ್ಲಿಸಿ, ಒಡೆಯನ ಮುಖ ನೋಡಿದ. ಒಡೆಯ ಬೇರೆ ಕಡೆ ನೋಡುತ್ತಿದ್ದ. ಆಳು ಕೂರಿಗೆಯನ್ನು ಎತ್ತಿ ದಾರಿ ದಾಟಿಸಿ, ಆಚೆಯಿಂದ ಬಿತ್ತನೆ ಶುರುಮಾಡಿದ.