ಪಟ್ಟಿಯ ಕೊನೆಯ ಸಾಲು
ಫೋಟೋ ಅಂಗಡಿಯ ಸೋಮಾರಿಯಣ್ಣ ಒಂದೇ ಕೆಲಸವನ್ನು ಎರಡು ಸಲ ಮಾಡಿದವನೇ ಅಲ್ಲ. ಕಂಪ್ಯೂಟರಿನಲ್ಲಿ ಫೋಟೋದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಾಕು, ಅವನೇ ಬರೆದಿಟ್ಟ ಆಜ್ಞೆಗಳ ಪಟ್ಟಿ ಸುರುಳಿ ಬಿಚ್ಚಿದ ಚಾಪೆಯಂತೆ ಮೆಲ್ಲಗೆ ಇಳಿಯುತ್ತದೆ: ಕಲೆ ಅಳಿಸು, ಬೆಳಕು ಹಾಕು, ನೂರು ಫೋಟೋಗಳನ್ನೂ ಒಟ್ಟಿಗೆ ಕುಗ್ಗಿಸು. "ಕೂತಲ್ಲೇ ದುಡೀತೀಯಲ್ಲೋ!" ಎಂದು ಫೋಟೋಗೆ ಬಂದ ಹೆಂಗಸರು ಯಾರಾದರೂ ಅಂದರೆ, "ನಾನೆಲ್ಲಿ ಅಕ್ಕಾ, ಅದು ದುಡಿಯುತ್ತೆ" ಎಂದು ಅರೆಗಣ್ಣು ಮುಚ್ಚಿ ನಗುತ್ತಾನೆ. ಕೊನೆಯ ಸಾಲು 'ಅಮ್ಮನಿಗೆ'. ಅದೊಂದನ್ನು ಮಾತ್ರ ಮತ್ತೆ ಮತ್ತೆ ತಿದ್ದುತ್ತಾನೆ. ಅಮ್ಮನ ಕಣ್ಣು ಮಂಜಾದಂತೆಲ್ಲ, ಚಿತ್ರವನ್ನು ಎರಡರಷ್ಟು ಹಿಗ್ಗಿಸುತ್ತಿದ್ದದ್ದು ನಾಲ್ಕಾಯಿತು, ಎಂಟಾಯಿತು. ನಿನ್ನೆ ಮಧ್ಯಾಹ್ನ ಹದಿನಾರು ಮಾಡಿದ; ಅವನದೇ ಫೋಟೋದಲ್ಲಿ ಪರದೆ ತುಂಬ ಮಚ್ಚೆಯಿರುವ ಕೆನ್ನೆಯೊಂದೇ ಉಳಿಯಿತು. "ಕಾಣುತ್ತಾ ಅಮ್ಮಾ?" ಎಂದು ಉಸಿರು ಬಿಗಿಹಿಡಿದ. ಅಮ್ಮ ಗಾಜಿನ ಮೇಲೆ ಬೆರಳಾಡಿಸಿ, ಮಚ್ಚೆಯ ಹತ್ತಿರ ನಿಲ್ಲಿಸಿ, "ನೀನೇ ಕಣೋ, ಸೋಮಾರಿ" ಎಂದಳು.