ಸಬ್‌ವೂಫರ್ ಗುಂಯ್‌ಗುಟ್ಟಿದ ಬೆಳಿಗ್ಗೆ

ಸುಷ್ಮಿತಾ ಗೇಟು ತೆರೆದು ಒಳಗೆ ಬಂದಾಗ ವಾಗೀಶರು ಅವಳ ಹಿಂದೆ ಇನ್ನೂ ಯಾರೋ ಇದ್ದಾರೇನೋ ಎಂದು ನೋಡಿದರು.

"ನೀವೊಬ್ರೇನಾ?"

"ಹೌದು ಸಾರ್. ನಾನೇ ಮಾಡೋದು."

ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಮೇಟಗಳ್ಳಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಆಂಪ್ಲಿಫೈಯರ್ ಬೋರ್ಡುಗಳಿಗೆ ಬೆಸುಗೆ ಹಾಕಿದವಳು. ಕೊನೆಯ ಮೂರು ವರ್ಷ ಟೆಸ್ಟಿಂಗ್ ವಿಭಾಗದಲ್ಲಿದ್ದಳು. ಅಲ್ಲಿ ಪ್ರಸಾದ್ ಎಂಬ ಹಿರಿಯರು ಸದ್ದು ಕೇಳಿ ದೋಷ ಹಿಡಿಯುವುದನ್ನು ಕಲಿಸಿಕೊಟ್ಟಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಸ್ಕೂಟರಿನಲ್ಲಿ ಉಪಕರಣಗಳ ಚೀಲ ಇಟ್ಟುಕೊಂಡು ಮನೆಮನೆಗೆ ಸ್ಪೀಕರ್ ಜೋಡಿಸಲು ಹೋಗತೊಡಗಿದಳು. ಎರಡು ವರ್ಷವಾಗಿತ್ತು. ಬಾಗಿಲು ತೆರೆದವರು ಅವಳ ಹಿಂದೆ ಗಂಡಸನ್ನು ಹುಡುಕುವುದು ಇನ್ನೂ ನಿಂತಿರಲಿಲ್ಲ.

ಲಕ್ಷ್ಮೀಪುರಂನ ಆ ಮನೆ ಹಳೆಯದು. ವಾಗೀಶರು ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರು. ಸಂಗೀತ ಕೇಳುವುದಕ್ಕೆಂದು ಕಂಪ್ಯೂಟರಿಗೆ ಐದು ಚಿಕ್ಕ ಸ್ಪೀಕರು, ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್ ಇರುವ ಸೆಟ್ಟು ತರಿಸಿದ್ದರು.

"ಒಂದೇ ಮಾತು ನೋಡೀಮ್ಮ," ಎಂದರು. "ಹತ್ತಕ್ಕೆ ನನ್ನ ವಿದ್ಯಾರ್ಥಿಯ ಪಿಎಚ್‌ಡಿ ವೈವಾ. ದಿಲ್ಲಿಯಿಂದ ಪರೀಕ್ಷಕರು ಆನ್‌ಲೈನ್‌ನಲ್ಲಿ ಬರ್ತಾರೆ. ಪಕ್ಕದ ರೂಮಲ್ಲಿ ಇರ್ತೀನಿ. ಸದ್ದು ಮಾಡಬೇಡಿ, ಕರೆಂಟು ಮಾತ್ರ ಯಾವ ಕಾರಣಕ್ಕೂ ತೆಗೀಬೇಡಿ."

ಅವಳು ಒಪ್ಪಿಕೊಂಡು ಕೆಲಸಕ್ಕೆ ಕೂತಳು. ಮುಂದಿನ ಎರಡು ಸ್ಪೀಕರಿಗೆ ಹಸಿರು ಪಿನ್ನು, ಹಿಂದಿನವಕ್ಕೆ ಕಪ್ಪು, ನಡುವಿನ ಸ್ಪೀಕರಿಗೂ ಸಬ್‌ವೂಫರಿಗೂ ಸೇರಿ ಕಿತ್ತಳೆ. ಸಬ್‌ವೂಫರನ್ನು ಮೇಜಿನ ಕೆಳಗೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟಳು. ಕಂಪ್ಯೂಟರಿನಲ್ಲಿ ಆರು ಸ್ಪೀಕರುಗಳ ಆಯ್ಕೆ ಒತ್ತಿ, ಸದ್ದು ಸಣ್ಣದಾಗಿಟ್ಟು ಒಂದೊಂದನ್ನೇ ಪರೀಕ್ಷಿಸಿದಳು. ಎಡ, ಬಲ, ಹಿಂದೆ ಎಲ್ಲ ಸರಿಯಿತ್ತು. ಸಬ್‌ವೂಫರ್ ಅಂಗಾಲಿಗೆ ತಿಳಿಯುವಂತೆ ಮೆಲ್ಲಗೆ ಗುಡುಗಿತು.

ಆಮೇಲೆ, ಪರೀಕ್ಷೆಯ ಸದ್ದು ನಿಂತ ಮೇಲೂ, ಅದು ಗುಂಯ್‌ಗುಟ್ಟತೊಡಗಿತು.

ಸುಷ್ಮಿತಾ ವಾಲ್ಯೂಮ್ ಪೂರ್ತಿ ಇಳಿಸಿದಳು. ಗುಂಯ್ ಹಾಗೆಯೇ ಇತ್ತು. ಕೇಬಲ್ ಬದಲಿಸಿದರೂ ಇತ್ತು. ಕಿತ್ತಳೆ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತಾಗ ಮಾತ್ರ ನಿಂತಿತು. ಸಿಕ್ಕಿಸಿದರೆ ಮತ್ತೆ ಶುರು. ಅಂದರೆ ಸಬ್‌ವೂಫರಿನದು ತಪ್ಪಲ್ಲ. ಏನೋ ಕಂಪ್ಯೂಟರಿನ ಕಡೆಯಿಂದ ತಂತಿಯೊಳಗೆ ಹರಿದು ಬರುತ್ತಿದೆ.

ಅಷ್ಟರಲ್ಲಿ ಗುಂಯ್ ತಾನಾಗಿಯೇ ನಿಂತಿತು. ಅವಳು ಏನನ್ನೂ ಮುಟ್ಟಿರಲಿಲ್ಲ. ಎರಡು ನಿಮಿಷ ಕಳೆದು, ಅದೇ ಜೋರಿನಲ್ಲಿ ಮತ್ತೆ ಬಂತು.

ಅವಳ ಬೆನ್ನು ನೆಟ್ಟಗಾಯಿತು. ಚೀಲದಿಂದ ಟೆಸ್ಟರ್ ತೆಗೆದು ಕಂಪ್ಯೂಟರಿನ ಹಿಂಭಾಗದ ತಗಡಿಗೆ ಮುಟ್ಟಿಸಿದಳು. ಟೆಸ್ಟರಿನೊಳಗಿನ ದೀಪ ಕೆಂಪಗೆ ಹೊತ್ತಿತು. ಮೀಟರ್ ತೆಗೆದು ಸಾಕೆಟ್ಟಿನ ಅರ್ಥಿಂಗ್ ತೂತಿಗೂ ನ್ಯೂಟ್ರಲ್ಲಿಗೂ ಹಿಡಿದಳು. ಒಂದೋ ಎರಡೋ ವೋಲ್ಟ್ ಇರಬೇಕಾದಲ್ಲಿ ನೂರ ಅರವತ್ತೆಂಟು ತೋರಿಸಿತು.

ಮನೆಯ ಅರ್ಥಿಂಗ್ ನೆಲಕ್ಕೆ ಸೇರುತ್ತಿಲ್ಲ. ಎಲ್ಲಿಂದಲೋ ಕರೆಂಟು ಸೋರಿ, ಮನೆಯಲ್ಲಿ ಅರ್ಥಿಂಗ್ ತಂತಿ ಮುಟ್ಟಿದ ಪ್ರತಿಯೊಂದು ತಗಡಿನ ಮೇಲೂ ಕೂತಿದೆ. ಅದೂ ಯಾವುದೋ ತಾನಾಗಿ ಆರಿ, ತಾನಾಗಿ ಹೊತ್ತಿಕೊಳ್ಳುವ ವಸ್ತುವಿನಿಂದ. ಫ್ರಿಜ್ಜು ಇರಬಹುದು. ಗೀಸರೂ ಇರಬಹುದು; ಹಾಗಿದ್ದರೆ ಬಚ್ಚಲಿನ ನಲ್ಲಿಯಲ್ಲೂ ಅದೇ ಕರೆಂಟು.

ಎದ್ದು ಹಜಾರಕ್ಕೆ ಬಂದಳು. ವಾಗೀಶರ ತಾಯಿ ವೇದವತಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಿಲಕ ಬಿದ್ದ ಸದ್ದು ಕೇಳಿಸಿತು.

"ಅಮ್ಮಾ, ನಲ್ಲಿ ಮುಟ್ಬೇಡಿ. ಒಂದ್ನಿಮಿಷ ಆಚೆ ಬನ್ನಿ." ಬಾಗಿಲು ತಟ್ಟಿದಳು.

"ಯಾರು?" ಎಂದಿತು ಒಳಗಿನ ಧ್ವನಿ. "ಸ್ನಾನ ಮುಗಿಸಿ ಬರ್ತೀನಮ್ಮ." ಬಕೆಟ್ಟನ್ನು ನೆಲದ ಮೇಲೆ ಎಳೆದ ಸದ್ದಾಯಿತು.

ಪಕ್ಕದ ಕೋಣೆಯಿಂದ ವಾಗೀಶರು ಅರ್ಧ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದರು.

"ಸಾರ್, ಮೈನ್ ಎಲ್ಲಿದೆ?"

"ಬೇಡ ಅಂತ ಹೇಳಿದ್ದೆ ನಾನು," ಎಂದು ಪಿಸುಗುಟ್ಟಿ ಬಾಗಿಲು ಹಾಕಿಕೊಂಡರು.

ವಿವರಿಸಲು ಎಷ್ಟು ಹೊತ್ತು ಬೇಕು, ನಲ್ಲಿ ತಿರುಗಿಸಲು ಎಷ್ಟು ಹೊತ್ತು ಬೇಕು ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಬರುವಾಗ ಜಗಲಿಯಲ್ಲಿ ಮೀಟರ್ ಬೋರ್ಡು ಕಂಡ ನೆನಪು. ಓಡಿದಳು. ಹಳೆಯ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಹಿಡಿ. ಆ ಪೆಟ್ಟಿಗೆಯ ಮೇಲೂ ಕರೆಂಟಿರಬಹುದು ಎಂದು ಕೊನೆಯ ಗಳಿಗೆಯಲ್ಲಿ ಹೊಳೆದು, ಕಾಲಿನ ರಬ್ಬರ್ ಚಪ್ಪಲಿ ಕಳಚಿ ಅದರಿಂದಲೇ ಹಿಡಿಯನ್ನು ಕೆಳಕ್ಕೆ ಹೊಡೆದಳು. ಫ್ಯಾನು ನಿಧಾನವಾಯಿತು. ಫ್ರಿಜ್ಜಿನ ಸದ್ದು ನಿಂತಿತು.

ಒಳಗಿನಿಂದ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳಿತು. "ವಾಗೀಶ, ಕರೆಂಟು ಹೋಯ್ತೇನೋ?" ಎಂದರು ವೇದವತಿ.

ಆ ಧ್ವನಿ ಕೇಳಿ ಸುಷ್ಮಿತಾ ಜಗಲಿಯ ಕಂಬ ಹಿಡಿದುಕೊಂಡಳು.

ವಾಗೀಶರು ಬಿರುಗಾಳಿಯಂತೆ ಬಂದರು. "ಏನ್ರೀ ಇದು? ಹುಡುಗ ಆರು ವರ್ಷ ಕಷ್ಟಪಟ್ಟಿದ್ದಾನೆ. ಮಾತು ಅರ್ಧಕ್ಕೇ ಕಟ್ ಆಯ್ತು. ನಿಮ್ಮ ಡಬ್ಬಾ ಸರಿಹೋಗಲಿಲ್ಲ ಅಂತ ನಮ್ಮ ಮನೆ ಕರೆಂಟು ತೆಗೆಯೋದಾ?"

"ಬೈಯೋದನ್ನ ಆಮೇಲೆ ಬೈಯಿರಿ ಸಾರ್. ಮೊಬೈಲಿನ ಇಂಟರ್ನೆಟ್ಟಲ್ಲಿ ಮುಂದುವರಿಸಿ. ಅಮ್ಮ ಸ್ನಾನ ಮುಗಿಸಿ ಆಚೆ ಬರೋ ತನಕ ಮೈನ್ ಹಾಕೋದಕ್ಕೆ ನಾನು ಬಿಡಲ್ಲ." ಅಷ್ಟು ಹೇಳಿ ಅವಳು ಪೆಟ್ಟಿಗೆಗೆ ಅಡ್ಡ ನಿಂತಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವರು ಏನೋ ಹೇಳಲು ಹೋಗಿ, ಒಳಗೆ ಮೊಬೈಲ್ ಬಡಿದುಕೊಂಡದ್ದರಿಂದ ತಿರುಗಿ ಹೋದರು.

ವೈವಾ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಎಲ್ಲರನ್ನೂ ದೂರ ನಿಲ್ಲಿಸಿ ಸುಷ್ಮಿತಾ ಮೈನ್ ಹಾಕಿ, ಬಚ್ಚಲಿನ ನಲ್ಲಿಗೆ ಮೀಟರಿನ ಒಂದು ಕಡ್ಡಿ, ನೆಲದಲ್ಲಿ ನೀರು ಹೋಗುವ ಒದ್ದೆ ಜಾಲರಿಗೆ ಇನ್ನೊಂದು ಕಡ್ಡಿ ಹಿಡಿದಳು. ನೂರ ಐವತ್ತು. ಟೆಸ್ಟರಿನ ತುದಿಯಿಂದಲೇ ಗೀಸರಿನ ಸ್ವಿಚ್ಚು ಆರಿಸಿದಳು. ಅಂಕಿ ಸೊನ್ನೆಗೆ ಇಳಿಯಿತು.

ವಾಗೀಶರು ಅಂಕಿಯನ್ನು ನೋಡಿದರು, ತಾಯಿಯನ್ನು ನೋಡಿದರು.

"ಎರಡು ವಾರದಿಂದ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತಿತ್ತು ಕಣೋ," ಎಂದರು ವೇದವತಿ. "ನರದ ನಿಶ್ಶಕ್ತಿ ಅಂತ ಡಾಕ್ಟರು ಮಾತ್ರೆ ಕೊಟ್ಟಿದ್ರು. ದಿನಾ ತಗೋತಿದ್ದೀನಿ."

ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್ ಕಾಳಯ್ಯ ಅಂಗಳದ ಒಂದು ಮೂಲೆ ಅಗೆಸಿ ತೋರಿಸಿದ. ಹೋದ ತಿಂಗಳು ಅಂಗಳಕ್ಕೆ ಕಲ್ಲು ಹಾಸಿದವರು ಅರ್ಥಿಂಗ್ ತಂತಿಯನ್ನು ಗುದ್ದಲಿಯಲ್ಲಿ ಕಡಿದು, ಮೇಲೆ ಮಣ್ಣು ಮುಚ್ಚಿ ಹೋಗಿದ್ದರು. ಗೀಸರಿನೊಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು. "ವೈರಿಂಗೂ ಬಾಳಾ ಹಳೇದು, ಎಂಗೋ ನಡೀತಿತ್ತು ಬುಡಿ," ಎಂದು ಬೋರ್ಡಿನ ವೈರುಗಳನ್ನು ನೋಡಿ ತಲೆಯಾಡಿಸಿದ.

ಎರಡು ದಿನ ಬಿಟ್ಟು ಸುಷ್ಮಿತಾ ಹೋಗಿ ಸೆಟ್ಟು ಜೋಡಿಸಿ ಮುಗಿಸಿದಳು. ಗುಂಯ್ ಎನ್ನುವುದು ಹೆಸರಿಗೂ ಇರಲಿಲ್ಲ. ವಾಗೀಶರು ಕ್ಷಮೆ ಎಂಬ ಮಾತು ಆಡಲಿಲ್ಲ. ಅವಳು ತಂತಿ ಎಳೆಯುವಾಗ ಮಂಡಿಯೂರಿ ಕೂತು, ಅವಳಿಗೆ ಕಾಣುವಂತೆ ಟಾರ್ಚು ಹಿಡಿದರು. ಹುಡುಗ ಪಾಸಾದ ಎಂದೂ ಹೇಳಿದರು. ವೇದವತಿ ಒಳಗಿನಿಂದ ಬಿಸಿಬೇಳೆ ಬಾತಿನ ತಟ್ಟೆ ತಂದು ಅವಳ ಮುಂದಿಟ್ಟು, ತಿನ್ನುವ ತನಕ ಎದುರಿಗೇ ಕೂತಿದ್ದರು.

ಅಂದು ಸಂಜೆ ಮೇಟಗಳ್ಳಿಯ ತನ್ನ ಮನೆಗೆ ಬಂದವಳು ಚಪ್ಪಲಿ ಬಿಡದೆ ನೇರ ಬಚ್ಚಲಿಗೆ ಹೋದಳು. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಗೂಟಕ್ಕೆ ನೇತಾಡುತ್ತಿತ್ತು. ಅದರ ಹಿಡಿಯ ಹತ್ತಿರ ವೈರು ಬಿರುಕು ಬಿಟ್ಟು, ಯಾವಾಗಲೋ ಯಾರೋ ಟೇಪು ಸುತ್ತಿದ್ದರು. ಆ ಟೇಪು ಸುತ್ತಿದವಳು ತಾನೇ ಎಂದು ನೆನಪಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕತ್ತರಿ ತಂದು ವೈರನ್ನು ಎರಡು ತುಂಡು ಮಾಡಿದಳು.

"ನಾಳೆ ಎಂಗೆ ನೀರು ಕಾಯ್ಸೋದೇ?" ಎಂದು ತಾಯಿ ಚಾಮುಂಡಮ್ಮ ಅಡುಗೆಮನೆಯಿಂದ ಕೇಳಿದಳು.

"ಗ್ಯಾಸ್ ಮೇಲೆ ಇಡವ್ವ," ಎಂದಳು ಸುಷ್ಮಿತಾ, ತುಂಡುಗಳನ್ನು ಕಸದ ಚೀಲಕ್ಕೆ ತುಂಬುತ್ತ.