ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ ಮೇಡಂ

ಅವರ ಬೆಳ್ಳನೆಯ ತುರುಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್ ಸಿಕ್ಕಿಕೊಂಡಿರುತ್ತಿದ್ದವು. ಮೂರನೆಯದು ಕೈಯಲ್ಲಿ. ಮಾತಿನ ಭರದಲ್ಲಿ ಅದನ್ನೂ ತುರುಬಿಗೆ ಸಿಕ್ಕಿಸಿ, ಆಮೇಲೆ ಮೇಜಿನ ಮೇಲೆಲ್ಲ ಹುಡುಕುವರು. ಎದುರು ಕೂತವರು ನಕ್ಕರೆ, "ನಗ್ರಿ ನಗ್ರಿ, ಇಲ್ಲಿ ನಗೋ ಮಂದಿ ಭಾಳ ಕಡಿಮಿ" ಎನ್ನುವರು.

ಅವರ ಆಫೀಸಿಗೆ ಹೋಗುವವರಿಗೆ ನಗು ಎಲ್ಲಿಂದ ಬರಬೇಕು? ಕೋರ್ಟು, ವಕೀಲರು, ಕೆಲಸದ ಕಡೆಯವರು ಕಳಿಸಿದ ಜನರನ್ನು ಕೂರಿಸಿಕೊಂಡು, ಇವರಿಗೆ ಕುಡಿತದ ಅಥವಾ ಡ್ರಗ್ಸ್‌ನ ತೊಂದರೆ ಇದೆಯೇ, ಇದ್ದರೆ ಎಷ್ಟು, ಮುಂದೇನು ಮಾಡಬೇಕು ಎಂದು ವಿಚಾರಿಸಿ ವರದಿ ಬರೆಯುವುದು ಅವರ ಉದ್ಯೋಗ. ನಾನು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆ. ಮೊದಲ ದಿನ ಬಾಯಿತಪ್ಪಿ ಆಂಟಿ ಎಂದಾಗ ಕೈ ಅಡ್ಡ ಹಿಡಿದಿದ್ದರು. "ಆಂಟಿ ಅನ್ನಬ್ಯಾಡ್ರಿ. ಆಂಟಿ ಮುಂದ ಯಾರೂ ಖರೇ ಹೇಳಂಗಿಲ್ಲ."

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟದ್ದು ಸಾಕು. ಎರಡು ಸಾವಿರದ ಹದಿಮೂರರ ಒಂದು ಮಧ್ಯಾಹ್ನ, ಮಗಳನ್ನು ಕರೆತರಲು ಸ್ಕೂಲಿನ ಹೊರಗೆ ಕಾರುಗಳ ಸಾಲಿನಲ್ಲಿದ್ದಾಗ ನನ್ನ ಕಾರು ಮುಂದಿನ ಕಾರಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಮಗಳಿನ್ನೂ ಕಾರು ಹತ್ತಿರಲಿಲ್ಲ, ಅದು ಯಾರ ಪುಣ್ಯವೋ. ಆದರೆ ಬಂದ ಪೊಲೀಸರ ಮೂಗಿಗೆ ವೈನಿನ ವಾಸನೆ ಬಡಿಯಿತು. ಕುಡಿದು ಕಾರು ಓಡಿಸಿದ ಕೇಸಾಯಿತು. ನಾನು ಬೇರೆ ಫಾರ್ಮಸಿಸ್ಟ್. ಡ್ರೈವಿಂಗ್ ಲೈಸೆನ್ಸು ಹೋಗುವುದೋ, ಫಾರ್ಮಸಿ ಲೈಸೆನ್ಸೂ ಹೋಗುವುದೋ, ಮಗಳು ಇನ್ನು ನನ್ನ ಕಾರು ಹತ್ತುತ್ತಾಳೋ ಇಲ್ಲವೋ! "ಜಡ್ಜ್ ಕೇಳುವ ಮೊದಲೇ ಕುಡಿತದ ಬಗ್ಗೆ ಇವ್ಯಾಲ್ಯುಯೇಷನ್ ಮಾಡಿಸಿಕೊಳ್ಳಿ" ಎಂದರು ವಕೀಲರು.

ನಿಜ ಹೇಳಬೇಕೆಂದರೆ ನನಗೆ ಜೈಲಿಗಿಂತ ಜನರ ಹೆದರಿಕೆ. ನಾವಿರುವುದು ಅಮೆರಿಕದಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ಅಲ್ಲಿ ನಮ್ಮವರಲ್ಲಿ ಒಬ್ಬರ ಮನೆ ಕುಕ್ಕರ್ ಕೂಗಿದರೆ ಇನ್ನೊಬ್ಬರಿಗೆ ಯಾವ ಬೇಳೆ ಬೇಯುತ್ತಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ಆಸ್ಟಿನ್ ಬಿಟ್ಟು ಮೂರು ಗಂಟೆ ದೂರದ ಹೂಸ್ಟನ್ನಿನಲ್ಲಿ, ಕೇಟಿ ಎಂಬ ಊರಿನ ಕಡೆ, ಅಚ್ಚ ಅಮೆರಿಕನ್ ಸರ್‌ನೇಮ್ ಇರುವವರನ್ನು ಹುಡುಕಿ ಆರಿಸಿಕೊಂಡೆ. ಎಂಥಾ ಜಾಣತನ ನೋಡಿ. ಬಾಗಿಲು ತೆರೆದರೆ ಎದುರಿಗೆ ಕಾಟನ್ ಸೀರೆ, ಅದರ ಮೇಲೊಂದು ಬೂದು ಸ್ವೆಟರ್! "ಬರ್ರಿ, ಒಳಗ ಬರ್ರಿ. ಹೆಸರು ನೋಡಿ ಕನ್ನಡದವರಽ ಅಂದ್ಕೊಂಡೆ." ಹುಬ್ಬಳ್ಳಿಯವರು. ಸರ್‌ನೇಮು ತೀರಿಹೋದ ಅಮೆರಿಕನ್ ಗಂಡನದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮುಖ ನೋಡಿಯೇ ಅವರಿಗೆ ಅರ್ಥವಾಯಿತು. "ನಿಮಗ ಮುಜುಗರ ಆದ್ರ ಬ್ಯಾರೆಯವರ ಕಡೆ ಕಳಸ್ತೀನ್ರಿ, ನನಗೇನು ಬ್ಯಾಸರಿಲ್ಲ. ಆದ್ರ ಒಂದು ಕೇಳ್ರಿ. ನೀವು ಯಾರಿಗೆ ಹೇಳಬಹುದು ಅಂತ ಸಹಿ ಮಾಡ್ತೀರಿ, ಅವರಿಗಷ್ಟ ಹೇಳ್ತೀನಿ. ಹೊರಗ ಎಲ್ಲೇ ಸಿಕ್ರೂ ನಾನಾಗಿ ಗುರ್ತು ಹಿಡಿಯಂಗಿಲ್ಲ." ಓಡಿಹೋಗುವ ಮನಸ್ಸಿತ್ತು, ಆದರೂ ಒಳಗೆ ಹೋದೆ. ಕೂತೆ.

ನಾನೊಂದು ದಪ್ಪ ಫೈಲು ತಂದಿದ್ದೆ. ಎದುರಿಗೊಬ್ಬರು ಕೂತು ಪ್ರಶ್ನೆ ಕೇಳುವುದೆಂದರೆ ನಮ್ಮಂಥವರಿಗೆ ಗೊತ್ತಿರುವುದು ವೀಸಾ ಇಂಟರ್‌ವ್ಯೂ ಒಂದೇ. ಡಿಗ್ರಿ ಸರ್ಟಿಫಿಕೇಟು, ಫಾರ್ಮಸಿಯ ಮ್ಯಾನೇಜರ್ ಕೊಟ್ಟ ಒಳ್ಳೆಯ ಮಾತಿನ ಪತ್ರ, ಮಗಳ ಸ್ಕೂಲಿನಲ್ಲಿ ವಾಲಂಟಿಯರ್ ಮಾಡಿದ್ದಕ್ಕೆ ಸಿಕ್ಕ ಕಾಗದ, ಎಲ್ಲ ಪ್ಲಾಸ್ಟಿಕ್ ಹಾಳೆಗಳಲ್ಲಿ ಕ್ರಮವಾಗಿ. ಯಜಮಾನರಂತೂ ದಾರಿಯುದ್ದಕ್ಕೂ ಡ್ರೈವ್ ಮಾಡುತ್ತಲೇ ಉತ್ತರ ಬಾಯಿಪಾಠ ಮಾಡಿಸಿದ್ದರು: ವಾರಕ್ಕೆ ಎರಡು ಗ್ಲಾಸು, ಅದೂ ಪಾರ್ಟಿಯಲ್ಲಿ.

ಮೇಡಂ ನಾಲ್ಕು ಹಾಳೆ ತಿರುವಿದರು. "ಇದೇನ್ರಿ, ಕನ್ಯಾ ತೋರಸ್ಲಿಕ್ಕೆ ಬಂದೀರೇನು?" ಎಂದು ಫೈಲನ್ನು ಪಕ್ಕಕ್ಕೆ ಸರಿಸಿದರು.

ಮೊದಲು ಹೌದು, ಅಲ್ಲ ಎಂದು ಗುರುತು ಹಾಕುವ ಫಾರ್ಮುಗಳು. ಆಮೇಲೆ ಮೂತ್ರ ಪರೀಕ್ಷೆ. ಆಮೇಲೆ ಬರೀ ಮಾತು. ನಿದ್ದೆ ಹೇಗೆ, ಊಟ ಹೇಗೆ, ಮನೆತನದಲ್ಲಿ ಯಾರಾದರೂ ಕುಡಿಯುತ್ತಿದ್ದರಾ, ಬಿಡಬೇಕೆಂದು ನೋಡಿದ್ದುಂಟಾ. ನಾನು ಪಟಪಟನೆ ಒಪ್ಪಿಸಿದೆ. ಅವರು ಪೆನ್ಸಿಲಿನಲ್ಲಿ ಬರೆದುಕೊಂಡರು. "ಪೆನ್ನಲ್ಲಿ ಬರೆಯೋಲ್ವಾ ಮೇಡಂ?" ಎಂದೆ. "ಎರಡನೇ ತಾಸಿನ್ಯಾಗ ಎಲ್ಲಾರ ಉತ್ತರಾನೂ ಬದಲಾಗ್ತಾವ್ರಿ" ಎಂದರು, ತಲೆ ಎತ್ತದೆ.

ನನಗೆ ಸಿಟ್ಟು ಬಂತು. ಇವರೇನು ನನ್ನನ್ನು ಸುಳ್ಳಿ ಅಂದುಕೊಂಡರಾ? ಅಷ್ಟರಲ್ಲಿ ಮೆಲ್ಲಗೆ ಕೇಳಿದರು, "ಮನಿಯಾಗ ಯಾತರಾಗ ಕುಡಿತೀರಿ?"

ಅದು ಬಾಯಿಪಾಠದಲ್ಲಿ ಇರಲಿಲ್ಲ. "ಸ್ಟೀಲ್ ಲೋಟದಲ್ಲಿ" ಅಂದುಬಿಟ್ಟೆ.

ಗಾಜಿನ ಗ್ಲಾಸಿನಲ್ಲಿ ಬಣ್ಣ ಕಾಣುತ್ತದೆ. ಕಾಫಿ ಕುಡಿಯುವ ಸ್ಟೀಲ್ ಲೋಟವಾದರೆ ಮಗಳು ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದರೂ ಏನೂ ತಿಳಿಯುವುದಿಲ್ಲ. ದಿನಕ್ಕೆ ಎಷ್ಟು ಲೋಟ, ಎಷ್ಟು ಹೊತ್ತಿಗೆ ಶುರು, ಎಲ್ಲ ಹೇಳುತ್ತಾ ಹೋದೆ. ಗಳಗಳನೆ ಅತ್ತೆ. ಅವರು ಟಿಶ್ಯೂ ಡಬ್ಬಿಯನ್ನು ಇತ್ತ ತಳ್ಳಿ, ರಬ್ಬರ್ ತೆಗೆದುಕೊಂಡು ಹಿಂದಿನ ಉತ್ತರಗಳನ್ನು ಒಂದೊಂದಾಗಿ ಉಜ್ಜಿದರು. "ಆತು. ಈಗ ಶುರು ಮಾಡೋಣ."

ಮನೆಯವರೊಬ್ಬರನ್ನೂ ವಿಚಾರಿಸುವುದು ಪದ್ಧತಿಯಂತೆ. ನನ್ನ ಸಹಿ ತೆಗೆದುಕೊಂಡು, ಕಾರಿನಲ್ಲಿ ಕಾಯುತ್ತಿದ್ದ ಯಜಮಾನರನ್ನು ಕರೆಸಿದರು. ಅವರು ಬಂದವರೇ ಶುರುಮಾಡಿದರು, "ವಾರಕ್ಕೆ ಎರಡು ಗ್ಲಾಸ್ ಮೇಡಂ, ಅದೂ..." ನನ್ನ ಮುಖ ನೋಡಿ ನಿಲ್ಲಿಸಿದರು. ತಲೆ ತಗ್ಗಿಸಿ ಹೇಳಿದರು, "ನನಗೆ ಎರಡು ವರ್ಷದಿಂದ ಗೊತ್ತಿತ್ತು. ಕೇಳಿದ್ರೆ ಎಲ್ಲಿ ನಿಜ ಹೇಳಿಬಿಡ್ತಾಳೋ ಅಂತ ಕೇಳಲಿಲ್ಲ."

ಕೊನೆಗೆ ನಾನು ಕೇಳಿದೆ, "ಹಾಗಾದ್ರೆ ನಾನು ಕುಡುಕೀನಾ ಮೇಡಂ?"

"ಆ ಶಬ್ದ ನನ್ನ ಫಾರ್ಮಿನ್ಯಾಗ ಇಲ್ರಿ. ನಿಮಗ ಕುಡಿತದ ತೊಂದರಿ ಅದ. ಸಣ್ಣದಲ್ಲ, ಹಂಗಂತ ಕೈಮೀರಿಲ್ಲ. ನೀವು ಫಾರ್ಮಸಿಯವರು, ಏನಾಗ್ಯದ ಅಂತ ತಿಳಿದ ಮ್ಯಾಲೆ ಔಷಧ ಕೊಡ್ತಾರ, ಹೌದಲ್ಲೋ? ಇದೂ ಹಂಗ. ಒಮ್ಮಿಗೇ ನಿಲ್ಲಸಬ್ಯಾಡ್ರಿ, ಜೀವಕ್ಕ ಅಪಾಯ, ಮೊದಲ ಡಾಕ್ಟರ್ ಕಡೆ ಹೋಗ್ರಿ." ಆಮೇಲೆ ವಾರಕ್ಕೆ ಮೂರು ಸಂಜೆ ಆಸ್ಟಿನ್ನಿನಲ್ಲೇ ಗುಂಪಿನ ಚಿಕಿತ್ಸೆ. ವರದಿಯಲ್ಲಿ ಬರೆಯುವುದನ್ನೆಲ್ಲ ನನಗೆ ಬಿಡಿಸಿ ಹೇಳಿದರು.

ವಾಪಸ್ ಬರುವಾಗ ನನಗೆ ಹಸಿವಾಯಿತು. ಕೇಸಾದಾಗಿನಿಂದ ಊಟ ಸೇರಿರಲಿಲ್ಲ. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಕಾರು ನಿಲ್ಲಿಸಲು ಹೇಳಿ ಎರಡು ಚೀಸ್ ಸ್ಯಾಂಡ್‌ವಿಚ್ ತಿಂದೆ, ಯಜಮಾನರದ್ದರಲ್ಲೂ ಅರ್ಧ. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿದಿತ್ತು. ಇನ್ನು ಯಾರಿಗೂ ಏನೂ ನಟಿಸಬೇಕಿಲ್ಲ, ಕಡೇಪಕ್ಷ ಈ ಕಾರಿನೊಳಗೆ.

ಕೋರ್ಟು ಷರತ್ತು ಹಾಕಿತು, ಆಗಾಗ ಮೇಡಂ ಹತ್ತಿರ ಹೋಗಿಬರುತ್ತಾ ಪೂರೈಸಿದೆ. ಕೆಲಸ ಉಳಿಯಿತು. ನಡುವೆ ಒಮ್ಮೆ ಜಾರಿದೆ, ಮತ್ತೆ ಎದ್ದೆ. ಮಗಳು ಮೊದಮೊದಲು ಕಾರು ಹತ್ತುವಾಗ ನನ್ನ ಬಾಯಿಯ ಹತ್ತಿರ ಮೂಗು ತರುತ್ತಿದ್ದಳು. ಯಾವಾಗ ಬಿಟ್ಟಳೋ ನನಗೆ ಗೊತ್ತಾಗಲಿಲ್ಲ.

ಮೂರು ವರ್ಷದ ಮೇಲೆ ಡಲ್ಲಾಸಿನ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಮೇಡಂ ಸಿಕ್ಕರು. ಯಾರೋ ಪರಿಚಯ ಮಾಡಿಸಿದರು. ಅವರು ಕೈಮುಗಿದು, "ಯಾವೂರ್ರಿ ನಿಮ್ದು?" ಎಂದರು, ಕಣ್ಣೂ ಮಿಟುಕಿಸದೆ. ಮೈಸೂರು ಎಂದೆ. "ಹಂಗಾದ್ರ ಖಾರದ ಚಟ್ನಿ ಮುಟ್ಟಬ್ಯಾಡ್ರಿ, ನಿಮಗ ತಡ್ಯಂಗಿಲ್ಲ." ಕಾರಿಗೆ ಬಂದ ಮೇಲೆ ನಾನೂ ಯಜಮಾನರೂ ಬಿದ್ದೂ ಬಿದ್ದೂ ನಕ್ಕೆವು.

ಮೇಡಂ ತೀರಿಹೋದ ಸುದ್ದಿ ಬಂದದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ. ನಮ್ಮ ಹತ್ತಿರದ ಜಾರ್ಜ್‌ಟೌನಿನ ಗೆಳತಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿದಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೇ. ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. "ಹೂಸ್ಟನ್ನಿನಲ್ಲಿ ಕೌನ್ಸೆಲರ್ ಆಂಟಿ ಒಬ್ಬರಿದ್ರಲ್ಲ, ಹೋಗ್ಬಿಟ್ರಂತೆ ಕಣೆ. ನಿನಗೆ ಪರಿಚಯ ಇತ್ತಾ?"

ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟೆ. ಡಲ್ಲಾಸಿನಲ್ಲಿ ನೋಡಿದ್ದೆ ಅಂದರೆ ಮುಗಿದುಹೋಗುತ್ತಿತ್ತು. ಅಷ್ಟು ದೊಡ್ಡ ಉಪಕಾರ ಮಾಡಿದವರನ್ನು ಪರಿಚಯವಿಲ್ಲ ಎನ್ನಲು ಬಾಯಿ ಬರಲಿಲ್ಲ. "ನಾನು ಕುಡೀತಿದ್ದೆ ಕಣೆ. ಕೇಸಾಗಿತ್ತು. ಅವರ ಹತ್ರ ಹೋಗಿದ್ದೆ" ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. ಆಯಿತು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಆಗಲಿ ಅಂದುಕೊಂಡೆ. ಅವಳು ಹಾಲ್ ಕಡೆ ಒಮ್ಮೆ ತಿರುಗಿ ನೋಡಿ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಅಂಥವರು ಆಸ್ಟಿನ್ನಲ್ಲಿ ಯಾರಾದ್ರೂ ಇದಾರಾ? ನನಗೇ."

"ಇದಾರೆ" ಎಂದೆ. "ಮಂಗಳವಾರ ನನಗೆ ರಜ. ನಾನೇ ಡ್ರೈವ್ ಮಾಡ್ತೀನಿ, ಬಾ."